ಹದಿನಾಲ್ಕು ಮೀಟರಿನ ಕೈಟ್, ಒಂಬತ್ತು ನಾಟ್ ಗಾಳಿ

ಮಾರ್ಚ್ 3, ಮಂಗಳವಾರ

ಭಾವನ ಹೆಸರನ್ನು ಅಧಿಕೃತ ದುರಸ್ತಿದಾರರ ಪಟ್ಟಿಯಿಂದ ತೆಗೆದಿದ್ದಾರೆ. ಸದ್ಯಕ್ಕೆ ಮಾತ್ರ, ವಿಚಾರಣೆ ಮುಗಿಯುವವರೆಗೆ. ಸುದ್ದಿ ಹೇಳಿದ್ದು ಅಕ್ಕ. ಮೆಟ್ಟಿಲ ಕೆಳಗೇ ನಿಂತು ಹೇಳಿದಳು, ಮೇಲೆ ಹತ್ತಲಿಲ್ಲ. ಸುರಕ್ಷತಾ ಸಮಿತಿಯ ಪತ್ರ ಅವಳ ಕೈಯಲ್ಲಿತ್ತು. ಕಾರಣ ಒಂದೇ ಸಾಲು: ಫೆಬ್ರವರಿ 24ರಂದು ಕೈಟ್ ಸರ್ಫಿಂಗ್ ಶಾಲೆಯ ಹದಿನಾಲ್ಕು ಚದರ ಮೀಟರಿನ ಕೈಟ್ ಸಮುದ್ರದಲ್ಲಿ ಬಿದ್ದದ್ದು ಅದರ ಮುಂಭಾಗದ ಟ್ಯೂಬಿನ ತೇಪೆಯಿಂದ ಗಾಳಿ ಸೋರಿದ್ದರಿಂದ ಎಂದು ಬೋಧಕಿಯ ಹೇಳಿಕೆಯಿಂದ ಕಂಡುಬರುತ್ತದೆ.

ಬೋಧಕಿ ನಾನು. ತೇಪೆ ಹಾಕಿದ್ದು ಭಾವ.

"ನೀನು ಹಾಗಂತ ಬರ್ಕೊಟ್ಯಾ?" ಎಂದು ಅಕ್ಕ ಕೇಳಿದಳು.

"ಆದದ್ದನ್ನ ಬರ್ದೆ ಅಕ್ಕ. ದಡಕ್ಕೆ ಬಂದಾಗ ಕೈಟ್ ಮೆತ್ತಗಿತ್ತು."

"ಹಾಗಿದ್ರೆ ಸರಿ ಬಿಡು," ಎಂದು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ ಅವಳು ಯಾವತ್ತೂ ಬಾಗಿಲು ಹಾಕಿದವಳಲ್ಲ.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ವಿಚಾರಣೆ 21ಕ್ಕೆ. ಅಷ್ಟರೊಳಗೆ ನೆನಪು ಕಲೆಸಿಹೋಗಬಾರದೆಂದು ಈ ನೋಟ್‌ಬುಕ್ ತೆಗೆದಿದ್ದೇನೆ. 24ರ ಸಂಗತಿಗಳು ಇಷ್ಟು: ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡಿನ ಮೇಲೆ ನಿಂತು ಸಮುದ್ರದಲ್ಲಿ ಓಡುವುದನ್ನು ಕಲಿಸುವ ಶಾಲೆ ನಮ್ಮದು; ಋತು ಶುರುವಾಗುವ ಮೊದಲು ದೊಡ್ಡ ಕೈಟುಗಳನ್ನು ಒಮ್ಮೆ ಹಾರಿಸಿ ನೋಡುವುದು ನನ್ನ ಕೆಲಸ. 10.20ಕ್ಕೆ ನೀರಿಗಿಳಿದೆ. ಗಾಳಿ ಹತ್ತು-ಹನ್ನೊಂದು ನಾಟ್, ದಡದ ಉದ್ದಕ್ಕೆ, ಸ್ವಲ್ಪ ಹೊರಮುಖವಾಗಿ. 10.40ಕ್ಕೆ, ದಡದಿಂದ ಸುಮಾರು ಆರುನೂರು ಮೀಟರ್ ದೂರದಲ್ಲಿ ಗಾಳಿ ಬಿತ್ತು. ಕೈಟ್ ನೆತ್ತಿಯ ಮೇಲಿಂದ ಹಿಂದಕ್ಕೆ ಜಾರಿ ನೀರಿಗೆ ಬಿತ್ತು, ಮತ್ತೆ ಏಳಲಿಲ್ಲ. 1.30ಕ್ಕೆ ಮೀನಿನ ದೋಣಿಯೊಂದು ನನ್ನನ್ನು ಎತ್ತಿಕೊಂಡಿತು. ನೀರಿನಲ್ಲಿದ್ದದ್ದು ಎರಡು ಗಂಟೆ ಐವತ್ತು ನಿಮಿಷ. ಆ ಸಮಯದ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಜೋರು ಗಾಳಿಗೆ ನಾನು ಹೆದರಿದವಳಲ್ಲ. ಮೂವತ್ತು ನಾಟ್‌ನಲ್ಲಿ ಪಾಠ ಮಾಡಿದ್ದೇನೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಪರದೆ ನೋಡುತ್ತೇನೆ. ಅದು ಅಲ್ಲಾಡದೆ ನೇತಾಡುತ್ತಿದ್ದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.


ಮಾರ್ಚ್ 4, ಬುಧವಾರ

ನನಗೂ ಪತ್ರ ಬಂತು. 21ರಂದು ಅದೇ ಕೈಟ್, ಅದೇ ತೇಪೆ, ಅದೇ ಸಲಕರಣೆ, ಎಂಟರಿಂದ ಹನ್ನೊಂದು ನಾಟ್ ಗಾಳಿ. ಕೈಟ್ ಹೇಗೆ ಬಿತ್ತೆಂದು ನಾನು ನೀರಿನಲ್ಲಿ ತೋರಿಸಬೇಕು. ಬರಲಾಗದಿದ್ದರೆ ಈಗ ಕೊಟ್ಟಿರುವ ಹೇಳಿಕೆಯನ್ನೇ ಅಂತಿಮವೆಂದು ಪರಿಗಣಿಸಲಾಗುವುದು.

ಶಾಲೆಯ ಮಾಲೀಕರ ಬಳಿ ಹೋದೆ. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತೇವೆ, ಅವರು ಹಡಗು ಹತ್ತಿದವರಲ್ಲ; ದೋಣಿ ಹತ್ತಿದರೇ ವಾಂತಿ. "ಬೇರೆ ಯಾರನ್ನಾದರೂ ಕಳಿಸಿ ಸರ್," ಎಂದೆ.

"ಯಾರನ್ನ ಕಳಿಸಲಿ? ನನ್ನನ್ನಾ? ನಾನು ನೇತಾಡಿದ್ರೆ ಆ ಕೈಟ್ ನನ್ನ ನೋಡೇ ರಾಜೀನಾಮೆ ಕೊಡುತ್ತೆ. ನಿಮ್ಮ ತೂಕ ಐವತ್ತೆಂಟು, ಅವರಿಗೆ ಆ ತೂಕವೇ ಬೇಕಂತೆ." ಆಮೇಲೆ ದನಿ ತಗ್ಗಿಸಿದರು. "ಇಷ್ಟ ಇಲ್ದಿದ್ರೆ ಹೋಗ್ಬೇಡಿ. ಹೇಳಿಕೆ ಇದೆಯಲ್ಲ."

ಹೌದು, ಇದೆ. ನಾನು ಹೋಗದಿದ್ದರೆ ನನಗೇನೂ ಆಗುವುದಿಲ್ಲ. ಭಾವನ ಹೆಸರು ಮಾತ್ರ ಪಟ್ಟಿಗೆ ಮರಳುವುದಿಲ್ಲ.

ಮಧ್ಯಾಹ್ನ ಸ್ನಾನಕ್ಕೆ ಬಕೆಟ್ ಇಟ್ಟೆ. ಷವರ್ ಬಳಸದೆ ಎಂಟು ದಿನವಾಯಿತು. ಮುಖದ ಮೇಲೆ ನೀರು ಬಿದ್ದರೆ ಉಸಿರು ಕಟ್ಟುತ್ತದೆ.


ಮಾರ್ಚ್ 6, ಶುಕ್ರವಾರ

ಭಾವನ ಅಂಗಡಿ ನನ್ನ ಕೋಣೆಯ ಕೆಳಗೇ ಇದೆ. ಟಾರ್ಪಾಲು, ಡೇರೆ, ಕೈಟು: ದಪ್ಪ ಬಟ್ಟೆ ಏನಿದ್ದರೂ ಹೊಲಿಯುತ್ತಾರೆ. ಆರು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ಆ ಹೊಲಿಗೆ ಯಂತ್ರದ ಸದ್ದು ನನ್ನ ನೆಲದಿಂದ ಮೇಲೆ ಬರುತ್ತಿತ್ತು. ಈಗ ಬರುತ್ತಿಲ್ಲ. ಇಳಿದು ಹೋದಾಗ ಭಾವ ಸೂಜಿಗಳನ್ನು ನಂಬರಿನ ಪ್ರಕಾರ ಡಬ್ಬಿಗೆ ಹಾಕುತ್ತಿದ್ದರು. ಅವು ಮೊದಲೇ ನಂಬರಿನ ಪ್ರಕಾರ ಇದ್ದವು.

ಪ್ರಕರಣದ ಮಾತು ಬೇಡವೆಂದು ಸಲಕರಣೆಯ ಮಾತು ತೆಗೆದೆ. "ಭಾವ, ಕಡಿಮೆ ಗಾಳಿಗೆ ಹದಿನೇಳು ಮೀಟರಿನದು ತಗೊಂಡ್ರೆ ಬೀಳಲ್ಲ ಅಲ್ವಾ?"

"ಯಾರು ಹೇಳಿದ್ದು? ಹದಿನೇಳು ಅಂದ್ರೆ ಮದುವೆ ಚಪ್ಪರ ಇದ್ದ ಹಾಗೆ. ತಿರುಗಿಸಬೇಕು ಅಂದ್ರೆ ಹಿಂದಿನ ದಿನವೇ ಹೇಳಿಡಬೇಕು." ನಗದೆ ಹೇಳಿದರು. "ಗಾಳಿ ಇದ್ದಾಗ ದೊಡ್ಡದು ಎಳೆಯುತ್ತೆ, ಸರಿ. ಗಾಳಿ ಒಂದು ಕ್ಷಣ ಸತ್ತಾಗ ಅದನ್ನ ಮೇಲೆ ಹಿಡಿಯೋದು ಯಾರು? ಬಟ್ಟೆ ಭಾರ, ಟ್ಯೂಬ್ ಭಾರ. ಹಗುರವಾದ್ದು ನೋಡು ಪುಟ್ಟಿ, ದೊಡ್ಡದ್ದಲ್ಲ."

"ಫಾಯಿಲ್ ಬೋರ್ಡ್ ಹಾಕಿದ್ರೆ?"

"ಹಾಕು. ಅಡಿಯಲ್ಲಿ ರೆಕ್ಕೆ ಇರೋ ಬೋರ್ಡು, ನೀರಿಂದ ಎದ್ದು ಓಡುತ್ತೆ, ಸಣ್ಣ ಕೈಟೇ ಸಾಕು. ಆದ್ರೆ ಕೈಟ್ ಬಿದ್ರೆ ಬೋರ್ಡ್ ಎಬ್ಬಿಸಲ್ಲ." ಸೂಜಿ ಡಬ್ಬಿ ಮುಚ್ಚಿದರು. "ದಾರ ಅಳೆದ್ಯಾ?"

"ಫೆಬ್ರವರಿ ಒಂದಕ್ಕೆ. ರಿಜಿಸ್ಟರಲ್ಲಿದೆ."

"ಹೂಂ," ಎಂದರು.

ನಾನು ನೋಡಿದ ಸಲಕರಣೆಗಳ ಪಟ್ಟಿ: ಹದಿನೇಳು ಮೀಟರಿನದು, ಒಂದೇ ಅಡ್ಡ ಟ್ಯೂಬಿನ ಹಗುರ ಹದಿಮೂರು, ಟ್ಯೂಬೇ ಇಲ್ಲದ, ಗಾಳಿ ಒಳಹೊಕ್ಕು ಉಬ್ಬುವ ಬಟ್ಟೆ ಕೈಟು (ನೀರಿಗೆ ಬಿದ್ದು ತಡವಾದರೆ ನೀರು ತುಂಬಿಕೊಳ್ಳುತ್ತದೆ, ಬೇಡ), ನೂರಾ ಅರವತ್ತು ಸೆಂಟಿಮೀಟರಿನ ಅಗಲ ಬೋರ್ಡು. ಸಮಿತಿಯ ಪತ್ರದ ಪ್ರಕಾರ ಇವುಗಳಲ್ಲಿ ಯಾವುದನ್ನೂ ನಾನು ಬಳಸುವಂತಿಲ್ಲ. ಆದರೂ ಪಟ್ಟಿ ಮಾಡಿದೆ.


ಮಾರ್ಚ್ 9, ಸೋಮವಾರ

ಕ್ಯಾಪ್ಟನ್ ನನಗೊಬ್ಬ ವಿದ್ಯಾರ್ಥಿನಿಯನ್ನು ಅಂಟಿಸಿದ್ದಾರೆ. ನಿವೃತ್ತ ನರ್ಸ್, ಅರವತ್ತೊಂದು ವರ್ಷ, ನಲವತ್ತೆಂಟು ಕೆ.ಜಿ. ಹಗುರ ಮೈ, ಹಾಗಾಗಿ ಕಡಿಮೆ ಗಾಳಿಯಲ್ಲೇ ಕಲಿಯಬೇಕು. ನನಗೆ ಬೇಡವಾದ ಗಾಳಿಯೇ ಅವರಿಗೆ ಬೇಕು.

ಇವತ್ತು ಮರಳಿನ ಮೇಲೆ ಪಾಠ. ಕೈಟಿಗೆ ನಾಲ್ಕು ದಾರ. ನಡುವಿನ ಎರಡು ದಾರ ಸೊಂಟದ ಪಟ್ಟಿಯ ಕೊಕ್ಕೆಗೆ ಬರುತ್ತವೆ, ಭಾರವೆಲ್ಲ ಅವುಗಳ ಮೇಲೆ. ಅಂಚಿನ ಎರಡು ದಾರ ಕೈಯಲ್ಲಿರುವ ಬಾರಿನ ಎರಡು ತುದಿಗೆ. ಬಾರನ್ನು ಮೈಗೆ ಎಳೆದುಕೊಂಡರೆ ಅಂಚಿನ ದಾರ ಬಿಗಿದು ಕೈಟಿನ ಹಿಂಭಾಗ ತಗ್ಗುತ್ತದೆ, ಎಳೆತ ಹೆಚ್ಚುತ್ತದೆ. ದೂರ ಬಿಟ್ಟರೆ ಎಳೆತ ಕಡಿಮೆ.

"ಅಂದ್ರೆ ಹೆದರಿಕೆ ಆದಾಗ ಬಿಡಬೇಕು," ಎಂದರು ನರ್ಸಮ್ಮ.

"ಹೌದು."

"ಯಾರು ಬಿಡ್ತಾರೆ ಟೀಚರಮ್ಮ? ಇಂಜೆಕ್ಷನ್ ತಗೊಳ್ಳೋವಾಗ ಮಂಚದ ಕಂಬಿ ಬಿಟ್ಟವರನ್ನ ನಾನು ಇದುವರೆಗೆ ಕಂಡಿಲ್ಲ."

ನೀರಿನ ಬಳಿ ಹೋದಾಗ ನಾನು ಪಾದ ಮುಳುಗುವಷ್ಟರಲ್ಲೇ ನಿಂತೆ. ಅವರು ಮುಂದೆ ಹೋಗಿ ತಿರುಗಿ ನೋಡಿದರು, ವಾಪಸು ಬಂದರು, ಕೇಳದೆ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. "ನೂರಾ ಹದಿನೆಂಟು. ನಿಂತಲ್ಲೇ. ನನ್ನ ವಾರ್ಡಲ್ಲಿ ಆಗಿದ್ರೆ ಮಲಗಿಸ್ತಿದ್ದೆ."

ಗಾಳಿ ಜಾಸ್ತಿ ಇಲ್ಲವೆಂದು ಹೇಳಿ ಪಾಠ ನಿಲ್ಲಿಸಿದೆ. ಗಾಳಿ ಹತ್ತು ನಾಟ್ ಇತ್ತು.


ಮಾರ್ಚ್ 10, ಮಂಗಳವಾರ

ಪರದೆ ಅಲ್ಲಾಡಲಿಲ್ಲ. ಹೋಗಲಿಲ್ಲ.


ಮಾರ್ಚ್ 12, ಗುರುವಾರ

ನರ್ಸಮ್ಮ ಬಾಗಿಲು ತಟ್ಟಿ ಕರೆದುಕೊಂಡು ಹೋದರು. "ಸಾಯೋರನ್ನೂ ಎಬ್ಬಿಸಿ ಔಷಧಿ ಕುಡಿಸಿದ್ದೀನಿ, ನೀವು ಯಾವ ಲೆಕ್ಕ?"

ಹೊಸಬರು ನೀರಿನಲ್ಲಿ ಕೈಟ್ ಹಾರಿಸುವಾಗ ಬೋಧಕರು ಹಿಂದಿನಿಂದ ಅವರ ಸೊಂಟದ ಪಟ್ಟಿ ಹಿಡಿದಿರಬೇಕು. ಇದು ನಿಯಮ. ಅವರು ಎಷ್ಟು ಆಳಕ್ಕೆ ಹೋಗುತ್ತಾರೋ ನಾನೂ ಅಷ್ಟಕ್ಕೆ ಹೋಗಲೇಬೇಕು. ಮೊಣಕಾಲಿನವರೆಗೆ ಹೋದೆವು. ನನ್ನ ಕಾಲಿಗೆ ದಾರದ ತುಂಡೊಂದು ತಾಕಿತು. ನೋಡಿದರೆ ಪಾಚಿ. ನಾನು ಕೂಗಿದೆ, ಆಚೆ ನಿಂತಿದ್ದವರೂ ತಿರುಗಿ ನೋಡುವಷ್ಟು.

24ರಂದು ಹಾಗೇ ಆಗಿತ್ತು. ಕೈಟ್ ಬಿದ್ದ ಮೇಲೆ ಸಡಿಲಗೊಂಡ ದಾರ ಎಡಗಾಲಿಗೆ ಎರಡು ಸುತ್ತು ಸುತ್ತಿಕೊಂಡಿತು. ಗಾಳಿ ಮತ್ತೆ ಬಂದು ಕೈಟ್ ಎದ್ದರೆ ಕಾಲು ಕತ್ತರಿಸುತ್ತದೆ. ಏಳದಿದ್ದರೆ ನಾನು ಅಲ್ಲೇ. ಶಾಲೆಯ ಕೆಂಪು ಛಾವಣಿ ಮೊದಲು ಪುಸ್ತಕದಷ್ಟು ಕಾಣುತ್ತಿತ್ತು, ಆಮೇಲೆ ಬೆಂಕಿಪೊಟ್ಟಣದಷ್ಟು. ದಾರ ಬಿಡಿಸಲು ನಲವತ್ತು ನಿಮಿಷ ಹಿಡಿಯಿತು. ಇದನ್ನು ಹೇಳಿಕೆಯಲ್ಲಿ ಬರೆದಿಲ್ಲ.

ನರ್ಸಮ್ಮ ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿ ಸುಮ್ಮನೆ ನಿಂತಿದ್ದರು. ಕಡಿಮೆ ಗಾಳಿಯಲ್ಲಿ ಹಾಗೆ ನಿಲ್ಲಿಸಬಾರದು. ಕೈಟ್ ಓಡಾಡುತ್ತಿರಬೇಕು, ಓಡಿದರೆ ತನ್ನ ಗಾಳಿ ತಾನೇ ಹುಟ್ಟಿಸಿಕೊಳ್ಳುತ್ತದೆ. ದಾರ ಸಡಿಲವಾಯಿತೆಂದರೆ ಬಾರ್ ಎಳೆಯಬಾರದು, ನಾವೇ ಎರಡು ಹೆಜ್ಜೆ ಹಿಂದೆ ಹೋಗಬೇಕು. ಹೇಳಿಕೊಟ್ಟೆ. ಅವರು ಮೂರನೇ ಸಲಕ್ಕೆ ಸರಿಯಾಗಿ ಮಾಡಿದರು. ಹಿಂದೆ ಹೋಗುತ್ತಾ ಹೋಗುತ್ತಾ ಇಬ್ಬರೂ ಸೊಂಟದವರೆಗೆ ನೆನೆದೆವು. ಅವರ ಬಲಗೈ ಎಡಗೈಗಿಂತ ಜೋರು; ಮುಂದಿನ ಪಾಠದಲ್ಲಿ ತಿದ್ದಬೇಕು.


ಮಾರ್ಚ್ 14, ಶನಿವಾರ

ಅಲೆತಡೆ ಗೋಡೆಯ ತುದಿಯಲ್ಲಿರುವ ಗಾಳಿಮಾಪಕದ ದಾಖಲೆ ತರಿಸಿದೆ. ಫೆಬ್ರವರಿ 24, 10.30ರಿಂದ 11.00: ಸರಾಸರಿ 9.4 ನಾಟ್, ಕನಿಷ್ಠ 8.7.

ಅಂದರೆ ಗಾಳಿ ಬಿದ್ದಿರಲಿಲ್ಲ. ಹದಿನಾಲ್ಕು ಮೀಟರಿನ ಕೈಟ್ 8.7ರಲ್ಲಿ ಹಾರುತ್ತದೆ; ನಾನೇ ಹಾರಿಸಿದ್ದೇನೆ. ಗಾಳಿ ಕಾರಣವಲ್ಲವಾದರೆ ತೇಪೆಯೇ ಕಾರಣ. ನನ್ನ ಹೇಳಿಕೆಗೆ ಬಲ ಬಂತು.

ಸಂಜೆ ಅಕ್ಕ ಚಹಾ ತಂದು ಮೆಟ್ಟಿಲ ಮೇಲಿಟ್ಟು ಹೋದಳು. ಕುಡಿಯುವಷ್ಟರಲ್ಲಿ ಆರಿತ್ತು.


ಮಾರ್ಚ್ 15, ಭಾನುವಾರ

ನನ್ನನ್ನು ಎತ್ತಿಕೊಂಡ ದೋಣಿಯ ಯಜಮಾನ ಮೂರು ವಾರದ ನಂತರ ಇವತ್ತು ದಡದಲ್ಲಿ ಸಿಕ್ಕ. ಅವನ ಹೇಳಿಕೆ ಸೇರಿಸಿದರೆ ಪ್ರಕರಣ ಗಟ್ಟಿಯಾಗುತ್ತದೆಂದು ಹೋಗಿದ್ದೆ. ಬಲೆ ಬಿಡಿಸುತ್ತಾ ಕೂತಿದ್ದ.

"ಓ, ನೀವಾ ತಂಗಿ! ಆವತ್ತು ಮಾತೇ ಆಡ್ಲಿಲ್ಲ. ಮೂಗಿ ಅಂದ್ಕೊಂಡೆ."

"ಅಣ್ಣ, ನೀವು ಕೈಟನ್ನ ದೋಣಿಗೆ ಎಳ್ಕೊಂಡಾಗ ಅದು ಮೆತ್ತಗಿತ್ತಲ್ಲ?"

"ಮೆತ್ತಗೆಲ್ಲಿ? ಎಮ್ಮೆ ಹಾಗೆ ಉಬ್ಬಿತ್ತು. ನನ್ನ ದೋಣಿ ಎಷ್ಟಗಲ, ಅದೆಷ್ಟಗಲ? ಬಿರಡೆ ಕಿತ್ತು ಗಾಳಿ ಬಿಟ್ಟೆ. ಅದರ ಮೇಲೆ ನಾನೇ ಕೂತ್ಕೊಂಡು ಹಿಂಡಿದೆ. ನೀವು ಎದುರಲ್ಲೇ ಇದ್ರಲ್ಲ?"

ಎದುರಿಗಿದ್ದೆ. ನನಗೆ ನೆನಪಿಲ್ಲ. ದೋಣಿಯ ತಳದಲ್ಲಿದ್ದ ನೀಲಿ ಬಕೆಟ್ ಒಂದೇ ನೆನಪಿದೆ.

"ಯಾಕೆ ತಂಗಿ, ಕಿತ್ತದ್ದು ತಪ್ಪಾಯ್ತಾ?"

ಇಲ್ಲ ಎಂದೆ. ಅಲ್ಲೇ ಮರಳಿನ ಮೇಲೆ ಕೂತೆ. ಅವನು ನೀರು ಕೊಟ್ಟ.


ಮಾರ್ಚ್ 16, ಸೋಮವಾರ

ನಿನ್ನೆ ಸಂಜೆ ಕ್ಯಾಪ್ಟನ್ ಎದುರಿಗೆ ಸಮಿತಿಯ ಚೀಟಿ ಅಂಟಿಸಿದ ಚೀಲ ಬಿಚ್ಚಿ, ಕೈಟಿಗೆ ಪಂಪಿನಿಂದ ಗಾಳಿ ತುಂಬಿ ಉಗ್ರಾಣದಲ್ಲಿಟ್ಟಿದ್ದೆವು. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ, ಹದಿನೈದು ಗಂಟೆಗಳ ನಂತರ, ಟ್ಯೂಬ್ ಬೆರಳಿಗೆ ಕಲ್ಲಿನಂತಿತ್ತು. ತೇಪೆಯ ಮೇಲೆ ಸೋಪಿನ ನೀರು ಸವರಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಭಾವನ ಹೊಲಿಗೆ, ಅಂಚಿನಲ್ಲಿ ಎರಡು ಸಾಲು.

"ಒಳ್ಳೇದೇ ಆಯ್ತಲ್ಲ," ಎಂದರು ಕ್ಯಾಪ್ಟನ್. "ದೋಣಿಯವನು ಬಿರಡೆ ಕಿತ್ತ ಅಂತ ಒಂದು ಪತ್ರ ಕೊಟ್ಬಿಡಿ. ಕಾರಣ ತಿಳಿದುಬಂದಿಲ್ಲ ಅಂತ ಅವರು ಫೈಲ್ ಮುಚ್ತಾರೆ. ನಿಮ್ಮ ಭಾವನ ಹೆಸರೂ ಉಳಿಯಿತು, ನೀವು ನೀರಿಗೆ ಇಳಿಯೋದೂ ತಪ್ಪಿತು."

ಇದು ಸರಿಯೆನಿಸಿತು. ಪತ್ರದ ಕರಡು ಬರೆದಿಟ್ಟಿದ್ದೇನೆ. ನಾಳೆ ಪಾಠ ಮುಗಿಸಿ ಕೊಡುತ್ತೇನೆ. 21ಕ್ಕೆ ನೀರಿಗಿಳಿಯಬೇಕಿಲ್ಲವೆಂದು ಗೊತ್ತಾದ ಕೂಡಲೇ ಹಸಿವಾಯಿತು. ನಾಲ್ಕು ತುಂಡು ಬ್ರೆಡ್ಡು, ಎರಡು ಮೊಟ್ಟೆ.


ಮಾರ್ಚ್ 17, ಮಂಗಳವಾರ

ಪತ್ರ ಕೊಟ್ಟಿಲ್ಲ.

ಗಾಳಿ ಒಂಬತ್ತು ನಾಟ್. ನರ್ಸಮ್ಮನಿಗೆ ಹತ್ತು ಮೀಟರಿನ ಕೈಟ್ ಕೊಟ್ಟು ಎದೆಮಟ್ಟದ ನೀರಿಗೆ ಹೋದೆವು. ಕೈಟ್ ನೆತ್ತಿಗೆ ಹೋಯಿತು, ನಿಂತಿತು, ಬೆನ್ನು ಮುಂದಾಗಿ ನಮ್ಮ ಕಡೆಗೇ ಜಾರಿ ಬಿತ್ತು. ಎಬ್ಬಿಸಿದೆವು. ಮತ್ತೆ ಹಾಗೇ ಜಾರಿತು. ಮೂರನೇ ಸಲ ದಾರ ಅವರ ಭುಜದ ಮೇಲೆ ಬಿತ್ತು.

"ಟೀಚರಮ್ಮ, ಇದು ಹಿಂದಕ್ಕೆ ಯಾಕೆ ಬರ್ತಿದೆ?" ದನಿ ಮೊದಲ ಸಲ ನಡುಗಿತು. ಬಾರನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದರು.

"ಬಿಡಿ, ಬಾರ್ ದೂರ ಬಿಡಿ! ಎಳೀಬೇಡಿ!"

"ಬಿಟ್ಟಿದ್ದೀನಿ, ಆದ್ರೂ ಬೀಳ್ತಿದೆ!"

ನಾನು ಅವರ ಕೈಗಳ ಮೇಲಿಂದ ಕೈ ಚಾಚಿ ಬಾರಿನ ಮೇಲಿರುವ ಕೆಂಪು ಪಟ್ಟಿ ಎಳೆದೆ. ಅದನ್ನು ಎಳೆದರೆ ನಡುವಿನ ದಾರಗಳು ಗಿಡ್ಡವಾಗುತ್ತವೆ. ಒಂದು ಅಂಚಿನ ದಾರ ಎಳೆದು ಕಾದೆ. ಕೈಟ್ ಪಕ್ಕಕ್ಕೆ ತೇಲಿ, ಒಂದು ತುದಿ ಎತ್ತಿ, ಮೆಲ್ಲಗೆ ಎದ್ದಿತು. ಆಮೇಲೆ ಜಾರಲಿಲ್ಲ.

ದಡಕ್ಕೆ ಬಂದು ನರ್ಸಮ್ಮ ಮರಳಿನ ಮೇಲೆ ಕೂತರು. ಅವರ ಮಣಿಕಟ್ಟು ಹಿಡಿದುಕೊಂಡೆ. ನಾಡಿ ನೋಡಲು ನನಗೆ ಬರುವುದಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದೆ. "ಎಷ್ಟು?" ಎಂದರು ಕೊನೆಗೆ. "ಬೇಕಾದಷ್ಟಿದೆ," ಎಂದೆ. ನಕ್ಕರು.

ದಾರಗಳು ಸರಿಯಿದ್ದರೆ ಪಟ್ಟಿ ಎಳೆಯುವ ಅಗತ್ಯ ಬೀಳಬಾರದು. 24ರಂದು ಕೈಟ್ ಬಿದ್ದದ್ದೂ ಹೀಗೆಯೇ, ಬೆನ್ನು ಮುಂದಾಗಿ. ನಾನು ಎಬ್ಬಿಸಲು ನೋಡಿದಾಗಲೆಲ್ಲ ಬಾರ್ ಎಳೆದೆ. ಪಟ್ಟಿ ಮುಟ್ಟಲಿಲ್ಲ. ಕೈಯಿಂದ ಒಂದು ಗೇಣು ದೂರದಲ್ಲಿತ್ತು.


ಮಾರ್ಚ್ 18, ಬುಧವಾರ

ಶಾಲೆಯ ಹಿಂದಿನ ಕಂಬದಲ್ಲಿ ಮೊಳೆ ಇದೆ. ನಾಲ್ಕೂ ದಾರಗಳ ತುದಿಯನ್ನು ಅದಕ್ಕೆ ಸಿಕ್ಕಿಸಿ, ಇಪ್ಪತ್ತೆರಡು ಮೀಟರ್ ಹಿಂದೆ ನಡೆದು ಬಾರನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ನಾಲ್ಕೂ ಸಮವಿದ್ದರೆ ಬಾರ್ ನೇರ ನಿಲ್ಲುತ್ತದೆ, ಯಾವ ದಾರವೂ ಜೋಲುವುದಿಲ್ಲ. ಭಾರವೆಲ್ಲ ನಡುವಿನ ದಾರಗಳ ಮೇಲೆ ಬೀಳುವುದರಿಂದ ಒಂದು ಋತುವಿನಲ್ಲಿ ಅವು ಉದ್ದವಾಗುತ್ತವೆ. ಆಗ ಅಂಚಿನ ದಾರಗಳು ಗಿಡ್ಡವಾದಂತೆ. ಬಾರನ್ನು ಎಳೆಯದಿದ್ದರೂ ಎಳೆದಂತೆ. ಜೋರು ಗಾಳಿಯಲ್ಲಿ ಇದು ಗೊತ್ತಾಗುವುದಿಲ್ಲ, ಕಡಿಮೆ ಗಾಳಿಯಲ್ಲಿ ಕೈಟ್ ಹಿಂದಕ್ಕೆ ಬೀಳುತ್ತದೆ. ಹೊಸ ಬೋಧಕರಿಗೆ ನಾನೇ ಪಾಠ ಮಾಡುವ ವಿಷಯ.

24ರ ಬಾರ್: ನಡುವಿನ ದಾರಗಳು ಆರು ಸೆಂಟಿಮೀಟರ್ ಉದ್ದ. ನರ್ಸಮ್ಮನ ಬಾರ್: ನಾಲ್ಕೂವರೆ. ಉಳಿದ ಆರರಲ್ಲಿ ಮೂರು ಸರಿ; ಇನ್ನು ಮೂರರಲ್ಲಿ ಮೂರರಿಂದ ಐದು ಸೆಂಟಿಮೀಟರ್ ಹೆಚ್ಚು.

ರಿಜಿಸ್ಟರಿನಲ್ಲಿ ಫೆಬ್ರವರಿ 1ರ ಸಾಲು: ಎಂಟು ಬಾರ್, ಅಳತೆ ಸರಿ, ನನ್ನ ಸಹಿ. ಆ ದಿನ ನಾನು ಅಳೆಯಲಿಲ್ಲ. ಕಂಬದ ಮುಂದೆ ಕ್ಯಾಪ್ಟನ್ನರ ವ್ಯಾನ್ ನಿಂತಿತ್ತು. ಬೀಗದ ಕೈ ಕೇಳಿ ಸರಿಸಲು ಬೇಜಾರಾಯಿತು. ಹಿಂದಿನ ತಿಂಗಳು ಸರಿಯಿತ್ತಲ್ಲ ಎಂದುಕೊಂಡೆ. ಅಷ್ಟೆ.

ದಾರದ ತುದಿಯಲ್ಲಿ ಗಂಟುಗಳ ಸಾಲಿರುತ್ತದೆ. ಒಂದು ಗಂಟಿನಿಂದ ಇನ್ನೊಂದಕ್ಕೆ ಸರಿಸಿದರೆ ಆರು ಸೆಂಟಿಮೀಟರ್ ಸರಿಹೋಗುತ್ತದೆ. ಎರಡು ನಿಮಿಷದ ಕೆಲಸ. ಕ್ಯಾಪ್ಟನ್ ಊಟಕ್ಕೆ ಹೋಗಿದ್ದರು. ಚೀಲ ಬಿಚ್ಚೇ ಇತ್ತು. ಒಂದು ಗಂಟು ಸಡಿಲಿಸಿದೆ. ಕಂಬದ ಆಚೆ ಯಾರೋ ಕೆಮ್ಮಿದರು. ಮೈಯೆಲ್ಲ ತಣ್ಣಗಾಯಿತು, ಎರಡು ಗಂಟೆ ಐವತ್ತು ನಿಮಿಷದಲ್ಲಿ ಆಗಿದ್ದಕ್ಕಿಂತ ಹೆಚ್ಚು. ಗಂಟನ್ನು ಮೊದಲಿದ್ದಲ್ಲೇ ಬಿಗಿದೆ.

ನರ್ಸಮ್ಮನ ಬಾರನ್ನೂ ಉಳಿದ ಮೂರನ್ನೂ ಕಪಾಟಿನಿಂದ ತೆಗೆದು, ಬಳಸಬಾರದೆಂದು ಚೀಟಿ ಬರೆದು ಕಟ್ಟಿದೆ.


ಮಾರ್ಚ್ 19, ಗುರುವಾರ

ಪರದೆ ಅಲ್ಲಾಡಲಿಲ್ಲ. ಏಳಕ್ಕೆ ಎಚ್ಚರವಾಯಿತು. ಸ್ನಾನ ಮಾಡಿ ಕೆಳಗೆ ಇಳಿದೆ. ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ವಾಪಸು ಹೋಗೋಣವೆನಿಸಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಷವರಿನ ನೀರು ಇನ್ನೂ ಇಳಿಯುತ್ತಿದ್ದ ತಲೆಯನ್ನು ಟವೆಲಿನಿಂದ ಒರೆಸಿಕೊಂಡೆ. ಆಮೇಲೆ ಇಳಿದೆ.

ಭಾವ, ಅಕ್ಕ ಇಬ್ಬರೂ ಅಂಗಡಿಯಲ್ಲಿದ್ದರು. ರಿಜಿಸ್ಟರಿನ ಪುಟದ ಫೋಟೊ ತೋರಿಸಿ ಹೇಳಿದೆ. ಕೂತು ಹೇಳಬೇಕೆಂದಿದ್ದೆ, ನಿಂತೇ ಹೇಳಿದೆ.

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನೀನು ಅಳೀಲಿಲ್ಲ. ಅಳೆದೆ ಅಂತ ಸಹಿ ಹಾಕ್ದೆ. ಆಮೇಲೆ ಇವರ ತೇಪೆ ಅಂದೆ."

"ಹೂಂ."

"ಎರಡು ವಾರ ಇವರು ನೆಟ್ಟಗೆ ಊಟ ಮಾಡಿಲ್ಲ ಕಣೇ! ಬಂದವರೆಲ್ಲ ಬಾಗಿಲಲ್ಲೇ ನಿಂತು, ನೀವು ಈಗ ಹೊಲೀತೀರಾ ಅಂತ ಕೇಳಿ ಹೋಗ್ತಿದ್ರು. ನಾನು ಮೇಲೆ ಚಹಾ ತಂದಿಡ್ತಿದ್ದೆ, ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ!"

"ಆರಿದ ಚಹಾ," ಎಂದರು ಭಾವ.

"ನೀವು ಸುಮ್ನಿರಿ!"

ಅಕ್ಕ ಒಳಗೆ ಹೋದಳು. ಈ ಸಲ ಬಾಗಿಲು ಗೋಡೆ ಅಲುಗುವಂತೆ ಹಾಕಿದಳು.

"ನಿಮಗೆ ಗೊತ್ತಿತ್ತಾ ಭಾವ?"

"ಹಿಂದಕ್ಕೆ ಜಾರಿ ಬಿತ್ತು ಅಂತ ನಿನ್ನ ಹೇಳಿಕೆಯಲ್ಲಿ ನೀನೇ ಬರೆದಿದ್ದೆ. ಟ್ಯೂಬ್ ಸೋರಿದ್ರೆ ಕೈಟ್ ಮಧ್ಯದಲ್ಲಿ ಮಡಚಿಕೊಳ್ಳುತ್ತೆ. ಹಿಂದಕ್ಕೆ ಜಾರಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ನಲ್ಲ, ದಾರ ಅಳೆದ್ಯಾ ಅಂತ. ಅಳೆದಿದ್ದೀನಿ ಅಂದೆ. ಮೂರು ಗಂಟೆ ನೀರಲ್ಲಿ ಬಿದ್ದಿದ್ದು ಬಂದವಳು. ಅಂಥವಳನ್ನ ಹಿಡ್ಕೊಂಡು, ಸುಳ್ಳು ಹೇಳ್ತಿದ್ದೀಯ ಅಂತ ನಾನು ಹೇಗೆ ಅನ್ನಲಿ?" ಕೆಳಗೆ ನೋಡುತ್ತಾ ಹೇಳಿದರು. ಆಮೇಲೆ, "ಇನ್ಮೇಲೆ ನೀನು ಪಾಠ ಮಾಡೋಕೆ ಬಿಡ್ತಾರಾ?" ಎಂದರು.

ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿಲ್ಲ. ಸುಳ್ಳು ಸಹಿಗೆ ಬೋಧಕರ ಪರವಾನಗಿ ಒಂದು ವರ್ಷ ತಡೆಹಿಡಿಯಬಹುದು, ಶಾಶ್ವತವಾಗಿಯೂ ರದ್ದು ಮಾಡಬಹುದು. ನಿಯಮ ಓದಿದ್ದೇನೆ. ಹನ್ನೊಂದು ವರ್ಷದಿಂದ ಬೇರೆ ಕೆಲಸ ಮಾಡಿಲ್ಲ.

"ನಿನ್ನ ಸೊಂಟದ ಪಟ್ಟಿ ತಗೊಂಡು ಬಾ," ಎಂದರು ಭಾವ. "ಎಡಗಡೆ ಹೊಲಿಗೆ ಬಿಟ್ಟಿದೆ. ಮೊನ್ನೆ ಮೆಟ್ಟಿಲಲ್ಲಿ ಒಣಗಿ ಹಾಕಿದ್ಯಲ್ಲ, ಆಗ ನೋಡಿದೆ."


ಮಾರ್ಚ್ 20, ಶುಕ್ರವಾರ

ಹಳೆಯ ಹೇಳಿಕೆಯನ್ನು ಹಿಂತೆಗೆದುಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಹೊಸದನ್ನು ಕೊಟ್ಟೆ. ಒಂದೂವರೆ ಪುಟ. ತೇಪೆ ಸೋರಿಲ್ಲ, ಬಿರಡೆ ತೆಗೆದದ್ದು ದೋಣಿಯವನು, ಗಾಳಿ ಬಿದ್ದಿರಲಿಲ್ಲ, 9.4 ನಾಟ್ ಇತ್ತು; ನಡುವಿನ ದಾರಗಳು ಆರು ಸೆಂಟಿಮೀಟರ್ ಉದ್ದವಾಗಿದ್ದವು; ಅಳತೆಯಿಲ್ಲದೆ ಸಹಿ ಹಾಕಿದ್ದು ನಾನು; ನೀರಿನಲ್ಲಿ ಕೆಂಪು ಪಟ್ಟಿ ಎಳೆಯದೆ ಬಾರ್ ಎಳೆದದ್ದೂ ನಾನು.

ಕ್ಯಾಪ್ಟನ್ ಓದಿ ಕನ್ನಡಕ ತೆಗೆದರು. "ನನ್ನ ವ್ಯಾನಿನ ವಿಷಯ ಬರೀಲೇಬೇಕಿತ್ತಾ?"

"ವ್ಯಾನ್ ಇದ್ದದ್ದು ನಿಜ ಸರ್."

"ನಿಮ್ಮನ್ನ ಉಳಿಸೋಕೆ ಒಂದು ದಾರಿ ಮಾಡಿಕೊಟ್ಟಿದ್ದೆ." ಸಿಟ್ಟಿರಲಿಲ್ಲ, ಸುಸ್ತಾದಂತಿತ್ತು. ಸಹಿ ಹಾಕಿ ಕಳಿಸಿದರು.

ಮಧ್ಯಾಹ್ನ ಸಮಿತಿಯ ಕಾರ್ಯದರ್ಶಿ ಫೋನ್ ಮಾಡಿದರು. ಹೊಸ ಹೇಳಿಕೆ ತಲುಪಿದೆ. ಆದರೆ ಒಮ್ಮೆ ಹೇಳಿಕೆ ಬದಲಿಸಿದವರ ಎರಡನೆಯ ಹೇಳಿಕೆಯನ್ನು ಬರಿ ಮಾತಿನ ಮೇಲೆ ಒಪ್ಪಲಾಗದು. ಭಾವನವರನ್ನು ಉಳಿಸಲು ಬರೆದದ್ದೆಂದು ಯಾರಾದರೂ ಹೇಳಬಹುದು. ಆದ್ದರಿಂದ ಪ್ರದರ್ಶನ ರದ್ದಿಲ್ಲ. ದಾರಗಳನ್ನು ಇದ್ದಂತೆಯೇ ಬಿಡಬೇಕು. ಪರವಾನಗಿಯ ವಿಚಾರ ಆಮೇಲೆ.

ಫೋನ್ ಇಟ್ಟು ನಾಳೆಯದನ್ನು ಲೆಕ್ಕ ಹಾಕಿದೆ. ಆ ಕೈಟನ್ನು ಅದೇ ಜಾಗದಲ್ಲಿ ನಾನೇ ಬೇಕೆಂದು ಬೀಳಿಸಬೇಕು. ಬಿದ್ದ ಕೂಡಲೇ ದಾರಗಳು ಸಡಿಲವಾಗುತ್ತವೆ, ಕಾಲಿನ ಸುತ್ತ ಬರುತ್ತವೆ. ಹಾಗಾಗದಿರಲು ಬಿದ್ದ ಕ್ಷಣದಿಂದ ಹಿಮ್ಮುಖವಾಗಿ ಈಜುತ್ತಾ ದಾರ ಬಿಗಿಯಾಗಿಡಬೇಕು. ಇದನ್ನು ನೂರು ಜನಕ್ಕೆ ಕಲಿಸಿದ್ದೇನೆ.

ನಾಲ್ಕು ಗಂಟೆಗೆ ನರ್ಸಮ್ಮನಿಗೆ ಪಾಠವಿತ್ತು. ನಿನ್ನೆಯ ವಿಷಯ ಅವರಿಗೂ ಹೇಳಿದೆ. ಅವರ ಬಾರಿನ ಅಳತೆಯನ್ನೂ ಹೇಳಿದೆ. "ನಾನೂ ಒಂದ್ಸಲ ಜ್ವರ ನೋಡದೆ ಚಾರ್ಟಲ್ಲಿ ನಂಬರ್ ಬರೆದಿದ್ದೆ," ಎಂದರು. "ಆ ಹುಡುಗಿ ಬದುಕಿತು. ನನಗೆ ಮಾತ್ರ ಆ ನಂಬರ್ ಇವತ್ತಿಗೂ ನೆನಪಿದೆ." ಆಮೇಲೆ, "ಸರಿಯಾದ ಬಾರ್ ತನ್ನಿ. ಕಟ್ಟಿರೋ ದುಡ್ಡಿಗೆ ಪಾಠ ಬೇಕು."

ಕತ್ತಿನವರೆಗಿನ ನೀರಿನಲ್ಲಿ ಐವತ್ತು ನಿಮಿಷ. ಅವರು ಮೊದಲ ಸಲ ಬೋರ್ಡಿನ ಮೇಲೆ ನಿಂತರು, ನಾಲ್ಕು ಸೆಕೆಂಡ್. ಬಲಗೈ ಇನ್ನೂ ಜೋರು.

ಸೊಂಟದ ಪಟ್ಟಿ ಮೆಟ್ಟಿಲ ಮೇಲಿತ್ತು. ಎಡಗಡೆ ಎರಡು ಸಾಲು ಹೊಲಿಗೆ. ಪಕ್ಕದಲ್ಲಿ ಚಹಾ, ತಟ್ಟೆ ಮುಚ್ಚಿತ್ತು. ಬಿಸಿಯಿತ್ತು.

ನಾಳೆಯ ಮುನ್ಸೂಚನೆ: ಎಂಟರಿಂದ ಹತ್ತು ನಾಟ್, ದಡದ ಉದ್ದಕ್ಕೆ, ಸ್ವಲ್ಪ ಹೊರಮುಖ. ಬೆಳಿಗ್ಗೆ 7.30ಕ್ಕೆ ಸಮಿತಿಯ ಮೂವರು ಕಂಬದ ಮೊಳೆಗೆ ದಾರ ಸಿಕ್ಕಿಸಿ ಅಳೆಯುತ್ತಾರೆ. 8.15ಕ್ಕೆ ನೀರಿಗೆ. ದಡದಿಂದ ಆರುನೂರು ಮೀಟರ್ ದೂರದಲ್ಲಿ, ಮೊದಲು ಕೆಂಪು ಪಟ್ಟಿ ಮುಟ್ಟದೆ ಕೈಟ್ ಬೀಳಿಸುವುದು, ನಂತರ ಪಟ್ಟಿ ಎಳೆದು ಎಬ್ಬಿಸುವುದು, ಅದರ ಎಳೆತದಲ್ಲೇ ದಡಕ್ಕೆ ಬರುವುದು. ರಕ್ಷಣಾ ದೋಣಿ ಇನ್ನೂರು ಮೀಟರ್ ಹಿಂದೆ ಇರುತ್ತದೆ. ನಾನು ಕೈ ಎತ್ತದ ಹೊರತು ಹತ್ತಿರ ಬರುವುದಿಲ್ಲ.